ಒಂಬತ್ತನೇ ದಿನದ ಕೆಲಸ

ಮದ್ಯಪಾನದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಕುಡಿಯುವವನಿಂದ ಕುಡಿತ ಬಿಡಿಸುವುದು ಹೇಗೆ? ಅಂಗಡಿ ಮುಚ್ಚಿಸಿ ಎನ್ನುವವರು, ಶಿಬಿರಕ್ಕೆ ಸೇರಿಸಿ ಎನ್ನುವವರು, ಮಾತ್ರೆ ಕೊಡಿಸಿ ಎನ್ನುವವರು, ದೇವರ ಮುಂದೆ ಆಣೆ ಮಾಡಿಸಿ ಎನ್ನುವವರು ತಂತಮ್ಮ ಉತ್ತರ ಹೇಳುತ್ತಾರೆ. ಪ್ರಶ್ನೆ ಮಾತ್ರ ಅದೇ. ಕಳೆದ ನಾಲ್ಕೈದು ದಶಕಗಳಲ್ಲಿ ಕರ್ನಾಟಕದಲ್ಲೂ ಹೊರಗೂ ಕೂಡಿಬಂದಿರುವ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದರ ನಂತರದ ಪ್ರಶ್ನೆಯೇ ಹೆಚ್ಚು ಮುಖ್ಯ ಎಂದು ನನಗೆ ತೋರುತ್ತದೆ. ಬಿಟ್ಟ ಮೇಲೆ ಅವನು ಏನು ಮಾಡಬೇಕು? ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು, ಊರು ಅವನನ್ನು ನಂಬಿ ಯಾವ ಕೆಲಸ ವಹಿಸಬೇಕು? ಬದುಕಿಗೆ ಹೊಸದೊಂದು ಅರ್ಥ ಸಿಗುವುದು ಕುಡಿತ ಬಿಟ್ಟವನಿಗೆ ಕೊನೆಯಲ್ಲಿ ಸಿಗುವ ಬಹುಮಾನ ಎಂದು ನಾವು ತಿಳಿದುಕೊಂಡಿದ್ದೇವೆ. ಬಿಟ್ಟದ್ದು ಬಿಟ್ಟಂತೆಯೇ ಉಳಿಯಬೇಕಾದರೆ ಆ ಅರ್ಥ ಮೊದಲ ವಾರದಿಂದಲೇ ಕೈಗೆ ಸಿಗಬೇಕು ಎಂಬುದು ಈ ಲೇಖನದ ವಾದ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಯನ್ನು, ಅದರಲ್ಲೂ ಕಿಗ್ಗದಂಥ ಒಂದು ಊರನ್ನು ಕಣ್ಣೆದುರು ಇಟ್ಟುಕೊಂಡು ಇದನ್ನು ಪರೀಕ್ಷಿಸಬಹುದು.

ಕಿಗ್ಗ ಮಳೆಯ ಊರು. ನರಸಿಂಹ ಪರ್ವತದ ಬುಡದಲ್ಲಿರುವ ಋಷ್ಯಶೃಂಗೇಶ್ವರನ ಸನ್ನಿಧಿಗೆ ಮಳೆ ಬರಲೆಂದು ಬೇಡಲು ಬರುವವರಿದ್ದಾರೆ, ಹಿಡಿದ ಮಳೆ ಬಿಡಲೆಂದು ಬೇಡಲು ಬರುವವರೂ ಇದ್ದಾರೆ. ಈ ಸೀಮೆಯಲ್ಲಿ ಕುಡಿತಕ್ಕೂ ಮಳೆಗೂ ಇರುವ ನಂಟು ಹೊರಗಿನವರಿಗೆ ಸುಲಭಕ್ಕೆ ಕಾಣುವುದಿಲ್ಲ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವ ತನಕ ಹೊರಗಿನ ಕೆಲಸಕ್ಕೆ ಸಿಗುವುದು ಹೊಳವಾದ ನಾಲ್ಕಾರು ದಿನ. ಆ ದಿನಗಳಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿ, ಉಳಿದ ದಿನಗಳಲ್ಲಿ ಕೈಗೆ ಕೆಲಸವಿಲ್ಲ, ಎಷ್ಟೋ ಸಂಜೆ ಕರೆಂಟೂ ಇಲ್ಲ. ಮಳೆ ಮುಗಿದು ಕೊನೆಕೊಯ್ಲು ಶುರುವಾದರೆ ಕೆಲಸವೂ ಕೈತುಂಬ, ದುಡ್ಡೂ ಕೈತುಂಬ. ಸುಲಿತದ ಮನೆಗಳಲ್ಲಿ ನಡುರಾತ್ರಿಯವರೆಗೆ ದೀಪ. ಕಾಫಿ, ಟೀ ತೋಟಗಳ ಲೈನುಗಳಲ್ಲಿ ಬಟವಾಡೆಯ ದಿನಕ್ಕೆ ಅದರದೇ ಲೆಕ್ಕ. ಹೀಗೆ ವರ್ಷದ ಒಂದು ಭಾಗದಲ್ಲಿ ಬೇಸರ ಕುಡಿಸುತ್ತದೆ, ಇನ್ನೊಂದು ಭಾಗದಲ್ಲಿ ದಣಿವು ಕುಡಿಸುತ್ತದೆ. ಥಂಡಿಗೆ ಸ್ವಲ್ಪ ಹಾಕಿದರೆ ಮೈ ಬಿಸಿಯಾಗುತ್ತದೆ ಎಂಬ ನಂಬಿಕೆ ಎರಡಕ್ಕೂ ಸಮರ್ಥನೆ ಒದಗಿಸುತ್ತದೆ. ಈ ನಂಬಿಕೆ ಪೂರ್ತಿ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ಹೊರಮೈಗೆ ಬರುತ್ತದೆ, ಹಾಗಾಗಿ ಬೆಚ್ಚಗೆ ಅನ್ನಿಸುತ್ತದೆ. ನಿಜದಲ್ಲಿ ದೇಹ ಬಿಸಿಯನ್ನು ಕಳೆದುಕೊಳ್ಳುತ್ತಿರುತ್ತದೆ. ಪಾಚಿಗಟ್ಟಿ ಜಾರುವ ಅಡಿಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವವನಿಗೆ ಧೈರ್ಯಕ್ಕೆಂದು ಕುಡಿಸುವುದಂತೂ ಅಪಾಯವನ್ನು ಕೈಯಾರೆ ಕೊಟ್ಟಂತೆ. ಅಳುಕು ಕಡಿಮೆಯಾಗುವುದು ಹೌದು. ಅದರ ಜೊತೆಗೇ ಹಿಡಿತವೂ ಕಡಿಮೆಯಾಗುತ್ತದೆ.

ಇಲ್ಲಿ ಮೊದಲೂ ಕುಡಿಯುತ್ತಿದ್ದರು, ಈಗೇನು ಹೊಸದು ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮಲೆನಾಡಿನ ಕಾದಂಬರಿಗಳನ್ನು ಓದಿದವರಿಗೆ ಬಗನಿ ಕಳ್ಳೂ ಗೊತ್ತು, ಕಳ್ಳಂಗಡಿಯೂ ಗೊತ್ತು, ಕುಡಿತದ ಹಿಂದೆ ಬರುವ ಸಾಲವೂ ಗೊತ್ತು. ಆದರೆ ಬಗನಿ ಮರದಿಂದ ಇಳಿಸಿದ ಕಳ್ಳಿಗೆ ಮರ, ಋತು, ಇಳಿಸುವವನ ಕೈ ಎಂಬ ಮಿತಿಗಳಿದ್ದವು. ಸಾರಾಯಿ ಬಂದಾಗ ಆ ಮಿತಿ ಹೋಯಿತು. 2007ರ ಜುಲೈ 1ರಂದು ಕರ್ನಾಟಕ ಸಾರಾಯಿಯನ್ನು ನಿಲ್ಲಿಸಿದಾಗ ಹಳ್ಳಿಯ ಹೆಂಗಸರು ಸಂತೋಷಪಟ್ಟದ್ದು ಸುಳ್ಳಲ್ಲ. ಬರಬರುತ್ತ ಅದೇ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮುಗಳ ತೊಂಬತ್ತು ಮಿಲಿಯ ಟೆಟ್ರಾ ಪ್ಯಾಕ್ ಬಂದು ಕೂತಿತು. ಅಂಗಿ ಜೇಬಿಗೆ ಹಿಡಿಸುವ, ಕೆಳಗೆ ಬಿದ್ದರೂ ಒಡೆಯದ, ಕುಡಿದು ತೋಟದ ಬದಿಗೆ ಎಸೆಯಬಹುದಾದ ಆ ಪೊಟ್ಟಣವನ್ನು ನೈಂಟಿ ಎನ್ನುತ್ತಾರೆ. ಬಾರಿಗೆ ಹೋಗಿ ಕೂರಲು ಪುರುಸೊತ್ತು ಬೇಕು, ನಾಲ್ಕು ಜನ ನೋಡುತ್ತಾರೆ; ನೈಂಟಿಗೆ ಅದೊಂದೂ ಬೇಡ. ಪರವಾನಗಿ ಇರುವ ಅಂಗಡಿ ಪೇಟೆಯಲ್ಲಿದ್ದರೂ ಅಕ್ಕಿ, ಬೆಲ್ಲ ಮಾರುವ ಸಣ್ಣ ಅಂಗಡಿಯ ಹಿಂಬದಿಯಲ್ಲಿ ಅದು ಸಿಗುವುದು ಮಲೆನಾಡಿನ ಗ್ರಾಮಸಭೆಗಳಲ್ಲಿ ಕೇಳಿಬರುವ ಹಳೆಯ ದೂರು. ರಾಜ್ಯದ ಅಬಕಾರಿ ಆದಾಯ ಸಾರಾಯಿ ನಿಂತ ಕಾಲಕ್ಕೆ ಐದು ಸಾವಿರ ಕೋಟಿ ರೂಪಾಯಿಯ ಒಳಗಿತ್ತು. 2025–26ರ ಬಜೆಟ್ ಇಟ್ಟುಕೊಂಡ ಗುರಿ 40,000 ಕೋಟಿ. ಬೆಲೆ ಏರಿದ್ದು, ಜನಸಂಖ್ಯೆ ಹೆಚ್ಚಿದ್ದು ಎಲ್ಲವನ್ನೂ ಕಳೆದರೂ, ಮದ್ಯದ ಮೇಲೆ ಸರ್ಕಾರದ ಅವಲಂಬನೆ ಎಷ್ಟು ಬೆಳೆದಿದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು. ಪಾನನಿರೋಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಹೇಳುತ್ತದೆ. ಸರ್ಕಾರ ಪ್ರತಿ ವರ್ಷ ಗುರಿ ಏರಿಸುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಕಾಲ್ನಡಿಗೆಯಲ್ಲಿ ಬಂದದ್ದು ಇದನ್ನು ಕೇಳುವುದಕ್ಕೇ. ದಾರಿಯಲ್ಲಿ ಅವರಲ್ಲೊಬ್ಬರು ಅಪಘಾತದಲ್ಲಿ ತೀರಿಕೊಂಡರು. ಅವರ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಹಾಗಾದರೆ ಅಂಗಡಿಗಳನ್ನೆಲ್ಲ ಮುಚ್ಚಿದರೆ ಏನಾಗುತ್ತದೆ? ಇದನ್ನು ಊಹೆ ಮಾಡಬೇಕಾಗಿಲ್ಲ. 2020ರ ಮಾರ್ಚ್ ಕೊನೆಯ ವಾರದಿಂದ ಮೇ 4ರವರೆಗೆ, ಸುಮಾರು ನಲವತ್ತು ದಿನ, ಕರ್ನಾಟಕದ ಎಲ್ಲ ಮದ್ಯದಂಗಡಿಗಳೂ ಮುಚ್ಚಿದ್ದವು. ಮೊದಲ ವಾರ ಕೈನಡುಕ, ಫಿಟ್ಸ್, ಭ್ರಮೆಗಳಿಂದ ಆಸ್ಪತ್ರೆ ಸೇರಿದವರಿದ್ದರು. ಜೀವ ಕಳೆದುಕೊಂಡವರೂ ಇದ್ದರು. ಉಳಿದ ಬಹುಪಾಲು ಜನರ ದೇಹದಿಂದ ಮದ್ಯ ಇಳಿದುಹೋಯಿತು. ದೇಹದ ಮಟ್ಟಿಗೆ ಹೇಳುವುದಾದರೆ ಇಡೀ ರಾಜ್ಯವೇ ಒಂದು ಶಿಬಿರದಂತೆ ಇದ್ದ ನಲವತ್ತು ದಿನಗಳು ಅವು. ಮೇ 4ರ ಬೆಳಿಗ್ಗೆ ಸಾಲು ನಿಂತಿತು. ಮರುದಿನ ಒಂದೇ ದಿನ 197 ಕೋಟಿ ರೂಪಾಯಿಯ ವಹಿವಾಟು ಎಂದು ಅಬಕಾರಿ ಇಲಾಖೆ ಹೇಳಿತು. ಸಾಲಿನಲ್ಲಿ ನಿಂತವರನ್ನು ಆಗ ಎಲ್ಲರೂ ಬೈದರು. ಅದರಿಂದ ಕಲಿಯಬೇಕಾದದ್ದು ಬೇರೆ ಇತ್ತು. ಮದ್ಯ ಸಿಗದಂತೆ ಮಾಡಿದರೆ ದೇಹ ಹೊಂದಿಕೊಳ್ಳುತ್ತದೆ, ಆದರೆ ಆ ನಲವತ್ತು ದಿನ ಕೆಲಸವೂ ಇರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ, ಜೊತೆಯೂ ಇರಲಿಲ್ಲ. ಕುಡಿತ ಬಿಟ್ಟುಹೋದ ಜಾಗಕ್ಕೆ ಬೇರೇನೂ ಬಂದಿರಲಿಲ್ಲ. ಬಾಗಿಲು ತೆರೆದಾಗ ಹಳೆಯದೇ ಹಿಂದಿರುಗಿತು.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದದ್ದು ನಮ್ಮ ಸೀಮೆಗೆ ಚೆನ್ನಾಗಿ ಪರಿಚಯವಿರುವ ಮದ್ಯವರ್ಜನ ಶಿಬಿರವನ್ನು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾಯಿತು. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಅದರ ಜೊತೆಗೇ ಬೆಳೆದ ಜನಜಾಗೃತಿ ವೇದಿಕೆ ನಡೆಸಿಕೊಂಡು ಬಂದ ಶಿಬಿರಗಳು ಸಾವಿರದ ಗಡಿ ದಾಟಿ ವರ್ಷಗಳೇ ಆದವು. ಶಿಬಿರ ನಡೆಯುವುದು ಆಸ್ಪತ್ರೆಯಲ್ಲಲ್ಲ. ಊರಿನ ಕಲ್ಯಾಣ ಮಂಟಪ, ದೇವಸ್ಥಾನದ ಸಭಾಭವನ, ಸಮುದಾಯ ಭವನ, ಎಲ್ಲಿ ನೂರು ಜನ ಮಲಗಲು ಉಂಡು ಏಳಲು ಅನುಕೂಲವೋ ಅಲ್ಲಿ. ಎಂಟು ದಿನ. ಖರ್ಚಿಗೂ ಅಡುಗೆಗೂ ಕಾವಲಿಗೂ ಊರವರದೇ ವ್ಯವಸ್ಥಾಪನಾ ಸಮಿತಿ. ಅಕ್ಕಿ ಒಬ್ಬರು, ತೆಂಗಿನಕಾಯಿ ಒಬ್ಬರು, ಹಾಲು ಇನ್ನೊಬ್ಬರು. ಮೊದಲೆರಡು ದಿನ ಆರೋಗ್ಯ ಸಹಾಯಕರು ರಾತ್ರಿಯಿಡೀ ಎಚ್ಚರ ಇರಬೇಕಾಗುತ್ತದೆ. ಲೋಟ ಹಿಡಿಯಲಾಗದ ಕೈ, ನಿದ್ದೆ ಬಾರದ ಕಣ್ಣು, ವಿನಾಕಾರಣ ಸಿಟ್ಟು, ಬೆವರು. ಮೂರನೇ ದಿನದ ಹೊತ್ತಿಗೆ ಊಟ ರುಚಿಸತೊಡಗುತ್ತದೆ. ಬೆಳಿಗ್ಗೆ ಯೋಗ, ಹಗಲು ಗುಂಪು ಸಲಹೆ, ಸಂಜೆ ಭಜನೆ. ವಾರದ ಕೊನೆಗೆ ಮನೆಯವರನ್ನು ಕರೆಸುತ್ತಾರೆ. ಹೆಂಡತಿ, ಮಕ್ಕಳು, ಕೆಲವೊಮ್ಮೆ ವಯಸ್ಸಾದ ತಾಯಿ ಎದುರು ಬಂದು ಕೂರುತ್ತಾರೆ. ಎಷ್ಟೋ ವರ್ಷಗಳ ನಂತರ ಅವನು ಅವರ ಮುಖವನ್ನು ನೆಟ್ಟಗೆ ನೋಡುವ ಗಳಿಗೆ ಅದು. ಸಮಾರೋಪದ ದಿನ ಹೂವು, ಭಾಷಣ, ಫೋಟೊ. ಪತ್ರಿಕೆಯಲ್ಲಿ ಸುದ್ದಿ ಬರುವುದೂ ಅಂದಿನದೇ.

ನನ್ನ ತಿಳಿವಳಿಕೆಯಲ್ಲಿ ಶಿಬಿರದ ಅತ್ಯುತ್ತಮ ಭಾಗ ಆ ಎಂಟು ದಿನಗಳಲ್ಲಿಲ್ಲ. ಆನಂತರ ರಚನೆಯಾಗುವ ನವಜೀವನ ಸಮಿತಿಯಲ್ಲಿ ಇದೆ. ಕುಡಿತ ಬಿಟ್ಟವರೇ ಸದಸ್ಯರು, ಅವರೇ ಒಂದೆಡೆ ಸೇರುತ್ತಾರೆ, ಬಾರದವನ ಮನೆಗೆ ಅವರೇ ಹೋಗುತ್ತಾರೆ, ಮುಂದಿನ ಶಿಬಿರದಲ್ಲಿ ಹೊಸಬರ ಕೈ ಹಿಡಿದು ಕೂರುವವರೂ ಅವರೇ. ನೂರು ದಿನ ದಾಟಿದವರ ಶತದಿನೋತ್ಸವ ಇದೆ, ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ ಇದೆ. ನಿನ್ನೆಯವರೆಗೆ ಊರಿಗೆಲ್ಲ ತಲೆನೋವಾಗಿದ್ದವನು ಇಂದು ಇನ್ನೊಬ್ಬನಿಗೆ ಆಸರೆ. ಇದು ಸಣ್ಣ ಬದಲಾವಣೆಯಲ್ಲ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಂಡುಕೊಂಡದ್ದೂ ಇದನ್ನೇ: ಬಿಟ್ಟವನು ಇನ್ನೊಬ್ಬನಿಗೆ ಬಿಡಲು ನೆರವಾದಾಗ ಮೊದಲು ಉಳಿಯುವವನು ತಾನೇ. ಆದರೆ ಎಲ್ಲ ಊರಿನ ಸಮಿತಿಯೂ ಒಂದೇ ರೀತಿ ನಡೆಯುವುದಿಲ್ಲ. ಎಲ್ಲಿ ಒಬ್ಬಿಬ್ಬರು ಹಟ ಹಿಡಿದು ನಡೆಸುತ್ತಾರೋ ಅಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಎಲ್ಲಿ ಸಮಾರೋಪಕ್ಕೇ ಊರಿನ ಉತ್ಸಾಹ ಮುಗಿಯುತ್ತದೋ ಅಲ್ಲಿ ಮುಂದಿನ ಮಳೆಗಾಲ ಬರುವಷ್ಟರಲ್ಲಿ ಸಭೆಗೆ ಜನ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಮುಂಗಾರಿನ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದು ಈ ವರ್ಷಕ್ಕೆ ಆಯಿತು ಎಂದು ಕೂರುವ ತೋಟಗಾರ ಈ ಸೀಮೆಯಲ್ಲಿ ಇಲ್ಲ. ನಡುವೆ ಹೊಳವಾದಾಗ ಎರಡನೇ ಸಲ, ಮಳೆ ಹೆಚ್ಚಾದರೆ ಮೂರನೇ ಸಲ ಹೊಡೆದರೇ ಕಾಯಿ ಕೈಗೆ. ಆ ತಾಳ್ಮೆಯನ್ನು ಮನುಷ್ಯನ ವಿಚಾರದಲ್ಲಿ ನಾವು ತೋರಿಸುತ್ತಿಲ್ಲ.

ಶಿಬಿರ ಮುಗಿದ ಮರುದಿನ, ಅಂದರೆ ಒಂಬತ್ತನೇ ದಿನವೇ ನಿರ್ಣಾಯಕ ಎಂಬುದು ಭಾವುಕತೆಯ ಮಾತಲ್ಲ, ಅದಕ್ಕೆ ಗಟ್ಟಿಯಾದ ಆಧಾರ ಇದೆ. ಹಾರ್ವರ್ಡ್‌ನ ಮನೋವೈದ್ಯ ಜಾರ್ಜ್ ವೈಲಂಟ್, ನೂರಾರು ಗಂಡಸರ ಬದುಕನ್ನು ಹದಿಹರೆಯದಿಂದ ನಡುವಯಸ್ಸು ದಾಟುವವರೆಗೆ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವನ್ನು ಆಧರಿಸಿ 1983ರಲ್ಲಿ ಪುಸ್ತಕ ಬರೆದರು. ದೀರ್ಘಕಾಲ ಕುಡಿತದಿಂದ ದೂರ ಉಳಿದವರ ಬದುಕಿನಲ್ಲಿ ನಾಲ್ಕು ಸಂಗತಿಗಳು ಮತ್ತೆ ಮತ್ತೆ ಕಂಡವು ಎಂದರು: ಯಾರೋ ಗಮನಿಸುತ್ತಿದ್ದಾರೆ ಎಂಬ ಅರಿವು, ಕುಡಿತದ ಹೊತ್ತನ್ನು ತುಂಬುವ ಬೇರೊಂದು ಹವ್ಯಾಸ, ಹೊಸ ಬಾಂಧವ್ಯ, ಮತ್ತು ತನ್ನನ್ನು ಮೀರಿದ ಯಾವುದೋ ಒಂದರಲ್ಲಿ ತೊಡಗಿಕೊಳ್ಳುವುದು. ಇದರಲ್ಲಿ ಒಂದೂ ಔಷಧಿಯಂಗಡಿಯಲ್ಲಿ ಸಿಗುವಂಥದ್ದಲ್ಲ. ವಿಯೆಟ್ನಾಂ ಯುದ್ಧದ ಕತೆ ಇನ್ನೂ ತೀಕ್ಷ್ಣ. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಐದರಲ್ಲೊಬ್ಬನಷ್ಟು ಜನ ಹೆರಾಯಿನ್‌ನಂಥ ಮಾದಕಕ್ಕೆ ದಾಸರಾಗಿದ್ದರು. 1971ರಲ್ಲಿ ಊರಿಗೆ ಮರಳಿದವರನ್ನು ಸಮಾಜವಿಜ್ಞಾನಿ ಲೀ ರಾಬಿನ್ಸ್ ಹುಡುಕಿ ಮಾತಾಡಿಸಿದಾಗ, ಅಲ್ಲಿ ದಾಸರಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ದಾಸರಾದವರು ಶೇಕಡ ಐದರಷ್ಟು ಮಾತ್ರ. ಜಾಗ ಬದಲಾಯಿತು, ಜೊತೆ ಬದಲಾಯಿತು, ಮಾಡಬೇಕಾದ ಕೆಲಸ ಬದಲಾಯಿತು. ನಮ್ಮ ಶಿಬಿರಾರ್ಥಿಯ ಸಂಕಟ ಇದರ ತಿರುವುಮುರುವು. ಎಂಟು ದಿನ ಬೇರೆ ಜಾಗದಲ್ಲಿದ್ದು ಸರಿಹೋಗುತ್ತಾನೆ. ಒಂಬತ್ತನೇ ದಿನ ಅದೇ ಜಗಲಿ, ಅದೇ ದಾರಿ, ಅದೇ ಅಂಗಡಿ, ಅದೇ ಗೆಳೆಯರ ನಡುವೆ ಬಂದು ನಿಲ್ಲುತ್ತಾನೆ. ಅವನು ಬದಲಾದರೆ ಸಾಲದು, ಅವನಿಗೆ ಮರಳಿ ಸಿಗುವ ಊರೂ ಅಷ್ಟಿಷ್ಟು ಬದಲಾಗಿರಬೇಕು.

ಇಲ್ಲಿ ವೈದ್ಯರು ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ತಲೆಬಾಗಿ ಕೇಳಬೇಕು. ಕುಡಿತದ ಅವಲಂಬನೆ ಮಿದುಳಿನ ಕಾಯಿಲೆ, ಅದಕ್ಕೆ ಗುರಿ, ಅರ್ಥ, ಸೇವೆ ಎಂದು ಹೇಳುತ್ತ ಕೂರುವುದು ಸಕ್ಕರೆ ಕಾಯಿಲೆಗೆ ಉಪನ್ಯಾಸ ಕೊಟ್ಟಂತಾಗದೆ ಎಂದು. ಅರ್ಧ ನಿಜ ಮಾತ್ರವಲ್ಲ, ಮುಕ್ಕಾಲು ನಿಜ. ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ದಿಕ್ಕು ತಪ್ಪಿ ಇಲ್ಲದ್ದೆಲ್ಲ ಕಾಣಬಹುದು, ಪ್ರಾಣವೇ ಹೋಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವುದು ಅಪರಾಧ. ವೈದ್ಯರ ಕಣ್ಣಳತೆಯಲ್ಲಿ ಔಷಧಿ, ಥಯಮಿನ್ ವಿಟಮಿನ್, ಆರೈಕೆ ಬೇಕೇ ಬೇಕು. ಆಮೇಲೆ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ಕೆಲವರಿಗೆ ಅವು ಚೆನ್ನಾಗಿ ನೆರವಾಗುತ್ತವೆ. ಗೊತ್ತಾಗದಂತೆ ಊಟದಲ್ಲಿ ಪುಡಿ ಬೆರೆಸುವ ಜಾಹೀರಾತುಗಳನ್ನು ಮಾತ್ರ ಯಾರೂ ನಂಬಬಾರದು. ತಿಳಿಯದೆ ಅಂಥದ್ದನ್ನು ತಿಂದವನು ಮೇಲೆ ಕುಡಿದರೆ ಜೀವಕ್ಕೆ ಅಪಾಯ. ಇಷ್ಟೆಲ್ಲ ಒಪ್ಪಿದ ಮೇಲೂ ಉಳಿಯುವ ಪ್ರಶ್ನೆ ಒಂದಿದೆ. ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ 38ಕ್ಕೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದವರು. ಆಸ್ಪತ್ರೆ ಸೇರಿ ಪಡೆದವರು 180ಕ್ಕೆ ಒಬ್ಬರು. ಮನೋವೈದ್ಯರು ಇಮ್ಮಡಿಯಾದರೂ ಈ ಕಂದರ ಮುಚ್ಚದು.

ಗೋವಾದಲ್ಲಿ ನಡೆದ ಒಂದು ಪ್ರಯೋಗ ದಾರಿ ತೋರಿಸುತ್ತದೆ. ಸಂಗತ್ ಎಂಬ ಸಂಸ್ಥೆ ವೈದ್ಯರಲ್ಲದ, ಸ್ಥಳೀಯರೇ ಆದ ಆಪ್ತಸಲಹೆಗಾರರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಅಪಾಯಕಾರಿ ಮಟ್ಟದಲ್ಲಿ ಕುಡಿಯುತ್ತಿದ್ದ ಗಂಡಸರೊಂದಿಗೆ ಅವರು ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಎಲ್ಲಿ, ಯಾವಾಗ, ಯಾಕೆ ಕುಡಿಯುತ್ತೀರಿ, ಆ ಹೊತ್ತಿಗೆ ಬೇರೇನು ಮಾಡಬಹುದು ಎಂದು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ, ಮೂರು ತಿಂಗಳ ನಂತರ ಮದ್ಯ ಮುಟ್ಟದೆ ಇದ್ದವರು ಸಲಹೆ ಪಡೆದವರಲ್ಲಿ ಶೇಕಡ 42, ಪಡೆಯದವರಲ್ಲಿ 18. ಬರೀ ಮಾತು, ಅದೂ ನೆರೆಹೊರೆಯವರ ಮಾತು. ತರಬೇತಿ ಸಿಕ್ಕರೆ ನಮ್ಮ ಆಶಾ ಕಾರ್ಯಕರ್ತೆಯರೂ ನವಜೀವನ ಸಮಿತಿಯ ಹಿರಿಯ ಸದಸ್ಯರೂ ಇದನ್ನು ಮಾಡಬಲ್ಲರು. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 2001–02ರಲ್ಲಿ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, ಹಿಂದೆ ಯಾವಾಗಲೋ ಮದ್ಯಕ್ಕೆ ದಾಸರಾಗಿದ್ದವರಲ್ಲಿ ಸಮೀಕ್ಷೆಯ ಹೊತ್ತಿಗೂ ದಾಸರಾಗಿಯೇ ಉಳಿದಿದ್ದವರು ನಾಲ್ಕರಲ್ಲೊಬ್ಬರು. ಎಂದಾದರೂ ಚಿಕಿತ್ಸೆ ಪಡೆದವರೂ ನಾಲ್ಕರಲ್ಲೊಬ್ಬರೇ. ಎಂದರೆ ಬಹಳಷ್ಟು ಜನ ಬದುಕಿನ ತಿರುವುಗಳಲ್ಲೇ ಹೊರಬಂದಿದ್ದಾರೆ. ಕುಡುಕ ಎಂದರೆ ಸಾಯುವವರೆಗೂ ಕುಡುಕ ಎಂಬ ನಮ್ಮ ಊರಿನ ತೀರ್ಪು ಪುರಾವೆಗೆ ವಿರುದ್ಧವಾದದ್ದು, ಮತ್ತು ಕ್ರೂರವಾದದ್ದು.

ಎರಡನೇ ಆಕ್ಷೇಪ ಇನ್ನೂ ಕಠಿಣ, ಅದು ಬರುವುದು ತೋಟದಿಂದ. ಬದುಕಿಗೊಂದು ಗುರಿ ಎಂದು ಹೇಳುವುದು ಸುಲಭ. ಅಡಿಕೆಗೆ ಹಳದಿ ಎಲೆ ರೋಗ ಬಂದು ದಶಕಗಳಾದವು, ಈಚೆಗೆ ಎಲೆಚುಕ್ಕಿಯೂ ಸೇರಿತು, ಮಕ್ಕಳು ಬೆಂಗಳೂರಿನಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು, ತುಂಡು ಭೂಮಿಯವನಿಗೆ ಸೊಸೈಟಿ ಸಾಲ. ಇಲ್ಲಿ ಯಾವ ಗುರಿ ಹುಡುಕಿಕೊಡುತ್ತೀರಿ? ಕೂಲಿಯವನಿಗೆ ನಾಳೆಯೂ ಅದೇ ಲೈನು, ಅದೇ ಕತ್ತಿ. ಈ ಆಕ್ಷೇಪವನ್ನು ಎತ್ತುವವರ ನೋವು ನಿಜವಾದದ್ದು. ಹಳದಿ ಎಲೆಗೆ ಪರಿಹಾರ ಕೊಡದೆ ಕುಡಿತದ ಬಗ್ಗೆ ಉಪದೇಶ ಮಾಡುವ ವ್ಯವಸ್ಥೆಗೆ ನೈತಿಕ ಬಲ ಇರುವುದಿಲ್ಲ. ಆದರೂ ಉತ್ತರ ಇದೆ, ಅದೂ ಮಲೆನಾಡಿನ ಹಳೆಯ ಬಳಕೆಯಲ್ಲೇ. ಮುಯ್ಯಾಳು ಎಂಬ ಪದ್ಧತಿ ಇಲ್ಲಿ ಹೊಸದಲ್ಲ: ಇಂದು ನಿಮ್ಮ ತೋಟಕ್ಕೆ ನಾನು, ನಾಳೆ ನನ್ನ ಗದ್ದೆಗೆ ನೀವು. ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಇದನ್ನೇ ಕಟ್ಟುನಿಟ್ಟಾಗಿ ಮಾಡಿದವು. ಐದರಿಂದ ಎಂಟು ಸಣ್ಣ ರೈತರು, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಕೂಲಿಯಿಲ್ಲದ ದುಡಿಮೆ, ಜೊತೆಗೆ ಉಳಿತಾಯ. ಅಂಥ ಗುಂಪಿನಲ್ಲಿರುವವನಿಗೆ ಸೋಮವಾರ ಬೆಳಿಗ್ಗೆ ಏಳಲು ಕಾರಣ ಇದೆ. ಏಳದಿದ್ದರೆ ಇನ್ನೂ ಆರು ಜನ ಅಂಗಳಕ್ಕೆ ಬಂದು ಕರೆಯುತ್ತಾರೆ. ವೈಲಂಟ್ ಹೇಳಿದ ಗಮನಿಸುವ ಕಣ್ಣೂ ಹೊಸ ಬಾಂಧವ್ಯವೂ ಇಲ್ಲಿ ಒಟ್ಟಿಗೆ ಇವೆ. ಗುರಿ ಎಂದರೆ ದೊಡ್ಡ ಆದರ್ಶವೇ ಆಗಬೇಕಿಲ್ಲ. ನಿನ್ನನ್ನು ನಂಬಿಕೊಂಡು ಇಂಥ ಕೆಲಸ ಇದೆ ಎಂದು ನಾಲ್ಕು ಜನ ಹೇಳಿದರೆ ಸಾಕು.

ಇದರ ಮುಂದುವರಿಕೆಯಾಗಿ ಒಂದು ಮಾತು ಒತ್ತಿ ಹೇಳಬೇಕು. ಕುಡಿತ ಬಿಟ್ಟವನಿಗೆ ನಮ್ಮ ಊರುಗಳು ಸನ್ಮಾನ ಮಾಡುತ್ತವೆ, ಜವಾಬ್ದಾರಿ ಕೊಡುವುದಿಲ್ಲ. ದೇವಸ್ಥಾನದ ಜಾತ್ರೆಗೆ ಚಪ್ಪರ ಹಾಕಲು ಕರೆಯುತ್ತಾರೆ, ಲೆಕ್ಕದ ಪುಸ್ತಕ ಕೊಡುವುದಿಲ್ಲ. ಶಾಲಾಭಿವೃದ್ಧಿ ಸಮಿತಿಗೆ, ಹಾಲಿನ ಸೊಸೈಟಿಗೆ, ನೀರಗಂಟಿಯ ಕೆಲಸಕ್ಕೆ, ಯುವಕರಿಗೆ ದೋಟಿಯಲ್ಲಿ ಕೊನೆ ತೆಗೆಯುವುದನ್ನು ಕಲಿಸುವುದಕ್ಕೆ ಅವನ ಹೆಸರು ಬಂದಾಗ, ಇನ್ನೊಂದು ವರ್ಷ ನೋಡೋಣ ಎನ್ನುತ್ತಾರೆ. ಎಚ್ಚರ ತಪ್ಪಲ್ಲ. ಆದರೆ ಆ ಒಂದು ವರ್ಷವೇ ಅವನು ಜಾರುವ ವರ್ಷ. ದುಡ್ಡಿನ ಕೆಲಸ ಕೊಡಲು ಹೆದರಿಕೆಯಾದರೆ ದುಡ್ಡಿಲ್ಲದ ಹೊಣೆ ಕೊಡಬಹುದು, ಮೆಲ್ಲಮೆಲ್ಲನೆ ಹೆಚ್ಚಿಸಬಹುದು. ಅಕಸ್ಮಾತ್ ಅವನು ಒಂದು ದಿನ ಮತ್ತೆ ಕುಡಿದು ಬಂದರೆ ಎಲ್ಲ ಮುಗಿಯಿತು ಎಂದು ಬಾಗಿಲು ಹಾಕದೆ, ಮರುದಿನ ಬೆಳಿಗ್ಗೆ ಸಮಿತಿಯವರು ಹೋಗಿ ಕರೆತರಬಹುದು. ಜಾರಿ ಬೀಳುವುದು ಚೇತರಿಕೆಯ ದಾರಿಯಲ್ಲಿ ಸಾಮಾನ್ಯ ಎಂದು ಎಲ್ಲ ವ್ಯಸನ ತಜ್ಞರೂ ಹೇಳುತ್ತಾರೆ. ನಮ್ಮ ಊರುಗಳಲ್ಲಿ ಅದನ್ನು ಅವಮಾನ ಎಂದುಕೊಂಡು, ಬಿದ್ದವನು ಸಭೆಗೆ ಬರುವುದನ್ನೇ ನಿಲ್ಲಿಸುತ್ತಾನೆ. ಆ ನಾಚಿಕೆಯೇ ಅವನನ್ನು ಮತ್ತೆ ಅಂಗಡಿಯ ಹಿಂಬದಿಗೆ ಕಳಿಸುವುದು.

ಪೂರ್ಣ ಪಾನನಿಷೇಧವೇ ಪರಿಹಾರ ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಬಿಹಾರ 2016ರಲ್ಲಿ ನಿಷೇಧ ತಂದಿತು. ಅದರಿಂದ ದಿನವೂ ಅಥವಾ ವಾರಕ್ಕೊಮ್ಮೆ ಕುಡಿಯುವವರ ಸಂಖ್ಯೆ ಸುಮಾರು 24 ಲಕ್ಷದಷ್ಟು ಕಡಿಮೆಯಾಯಿತು, ಗಂಡನಿಂದ ಹಿಂಸೆಯ 21 ಲಕ್ಷ ಪ್ರಕರಣಗಳು ತಪ್ಪಿದವು ಎಂದು 2024ರಲ್ಲಿ ಬಂದ ಅಧ್ಯಯನವೊಂದು ಅಂದಾಜಿಸಿದೆ. ಹೆಂಗಸರು ನಿಷೇಧ ಕೇಳುವುದು ಸುಮ್ಮನೆ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದೇ ಬಿಹಾರದ ಸಾರಣ ಜಿಲ್ಲೆಯಲ್ಲಿ 2022ರ ಡಿಸೆಂಬರ್‌ನಲ್ಲಿ ಕಳ್ಳಭಟ್ಟಿ ಕುಡಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧವಿಲ್ಲದ ನಮ್ಮ ಬೆಂಗಳೂರಿನಲ್ಲೇ 1981ರಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದದ್ದನ್ನೂ ಮರೆಯಬಾರದು. ನನ್ನ ನಿಲುವು ಸ್ಪಷ್ಟ: ಕಿರಾಣಿ ಅಂಗಡಿಯ ಅಕ್ರಮ ಮಾರಾಟವನ್ನು ಸಂಪೂರ್ಣ ನಿಲ್ಲಿಸಬೇಕು, ಊರಿನಲ್ಲಿ ಮದ್ಯದಂಗಡಿ ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಗ್ರಾಮಸಭೆಯ ಹೆಂಗಸರಿಗೆ ಇರಬೇಕು. ಮದ್ಯ ದೂರವಾದಷ್ಟೂ ಬಿಟ್ಟವನಿಗೆ ಉಸಿರಾಡಲು ಜಾಗ. ಆ ಜಾಗವನ್ನು ತುಂಬುವ ಕೆಲಸ ಆಗಲೂ ಬಾಕಿ ಇರುತ್ತದೆ.

ಮಿತವಾಗಿ ಕುಡಿಯುವವರು ಈ ಚರ್ಚೆ ತಮಗಲ್ಲ ಎಂದುಕೊಳ್ಳುತ್ತಾರೆ. ಇದು ಅವರಿಗೂ ಸೇರಿದ್ದು. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿಮಾಡಿತು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಬಿಡಿಸಿ ಹೇಳಿತು. ಮದುವೆಯ ಹಿಂದಿನ ರಾತ್ರಿ, ಕ್ರಿಕೆಟ್ ಟೂರ್ನಿ ಮುಗಿದ ರಾತ್ರಿ, ಸಿರಿಮನೆ ಜಲಪಾತಕ್ಕೆ ಬರುವ ಪ್ರವಾಸಿಗರ ಕಾರಿನ ಡಿಕ್ಕಿಯಲ್ಲಿನ ಬಾಟಲಿ, ಇವೆಲ್ಲ ಈಗ ಸಹಜ ಎನ್ನುವಂತಾಗಿವೆ. ದೈವಕ್ಕೆ ಮದ್ಯದ ಎಡೆಯಿಡುವ ಸಮುದಾಯಗಳ ಆಚರಣೆಯನ್ನು ಮೇಲಿನವರು ಕೀಳಾಗಿ ಕಾಣುವುದು ತಪ್ಪು. ಆ ಒಂದು ದಿನದ ಎಡೆಯಿಂದ ಊರು ಹಾಳಾಗಿಲ್ಲ, ದಿನದಿನದ ನೈಂಟಿಯಿಂದ ಹಾಳಾಗಿದೆ. ತನ್ನ ದುಡ್ಡು, ತನ್ನ ದೇಹ, ಕೇಳಲು ನೀವು ಯಾರು ಎಂಬ ಸ್ವಾತಂತ್ರ್ಯದ ವಾದಕ್ಕೆ ನನ್ನ ಉತ್ತರ ಚಿಕ್ಕದು: ಕೇಳುತ್ತಿರುವುದು ಊರಲ್ಲ, ಅವನೇ ತನ್ನನ್ನು ಕೇಳಿಕೊಳ್ಳಲಿ. ಒಂದು ತಿಂಗಳು ಬಿಟ್ಟು ನೋಡಲಿ. ಬಿಡಲು ಆಗದಿದ್ದರೆ ಅದು ಸ್ವಾತಂತ್ರ್ಯ ಆಗಿರಲಿಲ್ಲ ಎಂದು ಗೊತ್ತಾಗುತ್ತದೆ.

ಶಿಬಿರಗಳಲ್ಲಿ ಭಜನೆ, ಪೂಜೆಗಳೇ ಹೆಚ್ಚು, ದೇವರನ್ನು ನಂಬದವರು, ಬೇರೆ ಧರ್ಮದವರು, ಕುಡಿತಕ್ಕೆ ಸಿಕ್ಕ ಹೆಂಗಸರು ಎಲ್ಲಿಗೆ ಹೋಗಬೇಕು ಎಂಬುದೂ ನ್ಯಾಯವಾದ ಪ್ರಶ್ನೆ. ನರಸಿಂಹರಾಜಪುರದಂಥ ಹಲವು ಧರ್ಮದವರು ಕೂಡಿ ಬಾಳುವ ತಾಲ್ಲೂಕಿನಲ್ಲಿ ಇದಕ್ಕೆ ಉತ್ತರ ಬೇಕೇ ಬೇಕು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ, ಕೇರಿಕೇರಿಗೆ ಹೋಗಿ ನಿಮ್ಮ ದುಶ್ಚಟವನ್ನೇ ಭಿಕ್ಷೆ ಹಾಕಿ ಎಂದು ಕೇಳಿದರು. ಜಾತಿ ಕೇಳಲಿಲ್ಲ, ಪೂಜೆ ಮಾಡಿಸಲಿಲ್ಲ. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಶ್ರದ್ಧೆ ಒಬ್ಬನಿಗೆ ಬಲ ಕೊಟ್ಟರೆ ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಶ್ರದ್ಧೆಯೊಂದೇ ಬಾಗಿಲು ಎನ್ನುವ ಹಕ್ಕೂ ಯಾರಿಗೂ ಇಲ್ಲ. ಹೆಂಗಸರ ಕುಡಿತವನ್ನಂತೂ ನಾವು ಮಾತಿನಲ್ಲೂ ತರುವುದಿಲ್ಲ. ಆಸ್ಪತ್ರೆಯ ಬೇರೊಂದು ಕೋಣೆಯಲ್ಲಿ, ಹೆಸರು ಹೊರಬರದಂತೆ, ಹೆಣ್ಣು ಸಲಹೆಗಾರರೊಬ್ಬರು ಮಾತಾಡಿಸುವ ವ್ಯವಸ್ಥೆ ಅವರಿಗೆ ತುರ್ತಾಗಿ ಬೇಕು.

ಆದ್ದರಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದಲ್ಲಿ ಮುಂದಿನ ಶಿಬಿರ ನಡೆಸುವ ಸಮಿತಿಗಳಲ್ಲಿ ಒಂದು ಬಿನ್ನಹ. ಆಮಂತ್ರಣ ಪತ್ರಿಕೆಯಲ್ಲಿ ಸಮಾರೋಪದ ದಿನಾಂಕದ ಜೊತೆ, ಸರಿಯಾಗಿ ಒಂದು ವರ್ಷದ ನಂತರ ಎಲ್ಲ ಶಿಬಿರಾರ್ಥಿಗಳೂ ಮತ್ತೆ ಸೇರುವ ದಿನಾಂಕವನ್ನೂ ಅಚ್ಚು ಹಾಕಿಸಿ. ಎಷ್ಟು ಜನ ಬಿಟ್ಟರು ಎಂದು ಆ ದಿನ ಲೆಕ್ಕ ಹಾಕಿ, ಎಂಟನೇ ದಿನ ಬೇಡ. ಶಿಬಿರ ಮುಗಿಯುವ ಮೊದಲೇ ಒಬ್ಬೊಬ್ಬನ ಹೆಸರಿನ ಮುಂದೆ ಅವನು ಸೇರುವ ಗುಂಪು, ವಹಿಸಿಕೊಳ್ಳುವ ಕೆಲಸ, ಸಂಜೆ ಅವನನ್ನು ಕರೆಯಲು ಹೋಗುವವರ ಹೆಸರು ಬರೆದಿಡಿ. ಕೊಯ್ಲಿಗೆ ಆಳು ಕರೆಯುವ ತೋಟದ ಯಜಮಾನರು ಕೂಲಿಯ ಜೊತೆ ಬಾಟಲಿ ಕೊಡುವ ಅಭ್ಯಾಸವಿದ್ದರೆ ಈ ವರ್ಷದಿಂದಲೇ ನಿಲ್ಲಿಸಲಿ. ಇಂದೇ ಬಿಡಬೇಕೆಂದು ಅನ್ನಿಸಿದವರು ಶಿಬಿರಕ್ಕೆ ಕಾಯಬೇಕಾಗಿಲ್ಲ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ಅಲ್ಲೇ ವಿಚಾರಿಸಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ದುಡ್ಡಿಲ್ಲ.